ಪಾಲಕನು ಹೊರಟುಹೋದ ಮೇಲೆ: ಸಿಂಹಳದ್ವೀಪದ ಸಭೆಗಳೂ ಜೋಸೆಫ್ ವಾಜ್ ಅವರ ಸಂದರ್ಶನ ಸೇವೆಯೂ

ಪಾಲಕ ಸೇವೆಯನ್ನು ಕುರಿತು ನಾವು ಓದುವುದೂ ಬೋಧಿಸುವುದೂ ಬಹುಮಟ್ಟಿಗೆ ತನ್ನ ಜನರ ನಡುವೆಯೇ ಮನೆಮಾಡಿ ನೆಲೆಸಿದ ಪಾಲಕನನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡಿದೆ. ಆದರೆ ಸಭೆಯ ಆದಿಕಾಲದಿಂದಲೂ ಇನ್ನೊಂದು ಬಗೆಯ ಪಾಲಕನಿದ್ದಾನೆ. ಅವನು ಸಮುದ್ರ ದಾಟಿ ಬರುತ್ತಾನೆ. ಕೆಲವು ದಿನವೋ ಕೆಲವು ವಾರವೋ ಒಂದು ಚಿಕ್ಕ ಸಭೆಯೊಂದಿಗಿರುತ್ತಾನೆ. ವಾಕ್ಯವನ್ನು ಬೋಧಿಸಿ, ಸಂಸ್ಕಾರಗಳನ್ನು ನಡೆಸಿಕೊಟ್ಟು, ಮುಂದಿನ ಊರಿಗೆ ಹೊರಡುತ್ತಾನೆ. ಅಪೊಸ್ತಲರ ಕೃತ್ಯಗಳ 14ನೆಯ ಅಧ್ಯಾಯದಲ್ಲಿ ಪೌಲ ಬಾರ್ನಬರು ಲುಸ್ತ್ರ, ಇಕೋನ್ಯ, ಅಂತಿಯೋಕ್ಯಗಳಿಗೆ ಹಿಂದಿರುಗಿ ಬಂದು, ಸಭೆಸಭೆಗೂ ಹಿರಿಯರನ್ನು ನೇಮಿಸಿ, ಅವರನ್ನು ಕರ್ತನಿಗೆ ಒಪ್ಪಿಸಿ ಹೊರಟುಹೋದದ್ದು ಇಂಥ ಸೇವೆಯೇ. ಕ್ರೇತದ್ವೀಪದಲ್ಲಿ ತೀತನನ್ನು ಬಿಟ್ಟುಬಂದ ಕಾರಣವನ್ನು ಪೌಲನು ವಿವರಿಸುವಾಗಲೂ ಇದೇ ಚಿಂತೆ ಕಾಣುತ್ತದೆ. ತಾನಿಲ್ಲದ ದಿನಗಳಲ್ಲಿ ಸಭೆ ಹೇಗೆ ಬದುಕಬೇಕು ಎಂಬುದು ಆ ಚಿಂತೆ.

ಇದು ಹಳೆಯ ಕಾಲಕ್ಕೆ ಮುಗಿದ ಮಾತಲ್ಲ. ಇಂದು ನಮ್ಮ ನಾಡಿನ ಪಾಲಕರೂ ಯಾಜಕರೂ ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮವರ ಚಿಕ್ಕ ಸಭೆಗಳಿಗೆ ಹೋಗಿ ಸೇವೆ ಸಲ್ಲಿಸಿ ಬರುತ್ತಾರೆ. ನಾಡಿನೊಳಗೂ ಒಬ್ಬ ಪಾಲಕನ ಹೊಣೆಯಲ್ಲಿ ಹಲವು ಹಳ್ಳಿಯ ಸಭೆಗಳಿರುವುದು ಸಾಮಾನ್ಯವಾಗಿದೆ. ತಿಂಗಳಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಬಂದುಹೋಗುವ ಪಾಲಕನು ಒಂದು ಸಭೆಗೆ ನಿಜವಾಗಿ ಏನನ್ನು ಕೊಡಬಲ್ಲನು? ಅವನ ಸೇವೆಯನ್ನು ಯಾವ ಅಳತೆಯಿಂದ ಅಳೆಯಬೇಕು? ಈ ಪ್ರಶ್ನೆಗಳನ್ನು ಹಿಡಿದು ನಾವು ಇಲ್ಲಿ ಜೋಸೆಫ್ ವಾಜ್ ಅವರು 1687ರಿಂದ 1711ರವರೆಗೆ ಸಿಂಹಳದ್ವೀಪದಲ್ಲಿ, ಎಂದರೆ ಇಂದಿನ ಶ್ರೀಲಂಕಾದಲ್ಲಿ, ನಡೆಸಿದ ಸೇವೆಯನ್ನು ಪರಿಶೀಲಿಸಲು ಬಯಸುತ್ತೇವೆ. ಈ ಆಯ್ಕೆಗೆ ಎರಡು ಕಾರಣಗಳಿವೆ. ವಾಜ್ ಅವರು ಸಿಂಹಳಕ್ಕೆ ಹೋಗುವ ಮೊದಲು ಮೂರು ವರ್ಷ ನಮ್ಮ ಕರಾವಳಿಯಲ್ಲೇ ಸೇವೆ ಸಲ್ಲಿಸಿದವರು, ಇದು ಮೊದಲನೆಯದು. ಅವರ ಚರಿತ್ರೆ ಕಥೋಲಿಕ ಪರಂಪರೆಗೂ ಪ್ರೊಟೆಸ್ಟಂಟ್ ಪರಂಪರೆಗೂ ಒಂದೊಂದು ಕಠಿಣವಾದ ಪ್ರಶ್ನೆಯನ್ನು ಒಡ್ಡುತ್ತದೆ, ಇದು ಎರಡನೆಯದು.

ಪಾಲಕರನ್ನು ಕಳೆದುಕೊಂಡ ಸಭೆ

ಸಿಂಹಳದಲ್ಲಿ ಕಥೋಲಿಕ ಸಭೆಯ ವ್ಯವಸ್ಥಿತ ಕಾರ್ಯ ಆರಂಭವಾದದ್ದು 1543ರಲ್ಲಿ, ಫ್ರಾನ್ಸಿಸ್ಕನ್ ಸಂಘದವರು ಕೋಟ್ಟೆಯ ಅರಸನ ಆಸ್ಥಾನಕ್ಕೆ ಬಂದಾಗ. 1602ರಲ್ಲಿ ಯೇಸುಸಂಘದವರು ಬಂದರು. 1619ರಲ್ಲಿ ಜಾಫ್ನಾ ರಾಜ್ಯವು ಪೋರ್ಚುಗೀಸರ ವಶವಾಯಿತು. ತೀರಪ್ರದೇಶದಲ್ಲಿ ದೇವಾಲಯಗಳು ಎದ್ದವು. ಸಾವಿರಾರು ಜನ ದೀಕ್ಷಾಸ್ನಾನ ಹೊಂದಿದರು. ಈ ಬೆಳವಣಿಗೆಯಲ್ಲಿ ನಿಜವಾದ ವಿಶ್ವಾಸವೂ ಇತ್ತು, ರಾಜ್ಯಾಧಿಕಾರದ ಆಸರೆಯೂ ಇತ್ತು. ಪೋರ್ಚುಗೀಸರ ಆಳ್ವಿಕೆಯಲ್ಲಿ ಕ್ರೈಸ್ತನಾಗುವುದರಿಂದ ಉದ್ಯೋಗ ಮತ್ತು ರಿಯಾಯಿತಿಗಳು ದೊರೆಯುತ್ತಿದ್ದವು ಎಂಬುದನ್ನು ಯಾವ ಪಕ್ಷದ ಚರಿತ್ರಕಾರನೂ ಅಲ್ಲಗಳೆಯುವುದಿಲ್ಲ.

ಆ ಆಸರೆ ಬಹುಕಾಲ ಉಳಿಯಲಿಲ್ಲ. 1656ರಲ್ಲಿ ಕೊಲಂಬೊ, 1658ರಲ್ಲಿ ಮನ್ನಾರ್ ಮತ್ತು ಜಾಫ್ನಾ ಡಚ್ಚರ ಈಸ್ಟ್ ಇಂಡಿಯಾ ಕಂಪನಿಯ ವಶವಾದವು. ಕಂಪನಿಯ ದೃಷ್ಟಿಯಲ್ಲಿ ಕಥೋಲಿಕ ಯಾಜಕನು ಪೋರ್ಚುಗಲ್ಲಿನ ಗೂಢಚಾರನಿಗೆ ಸಮಾನ. ಆದುದರಿಂದ ಯಾಜಕರನ್ನೆಲ್ಲ ಹೊರಹಾಕಲಾಯಿತು. ಅವರಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆ ಎಂಬ ಆಜ್ಞಾಪತ್ರವು 1658ರಲ್ಲೇ ಹೊರಟಿತು. ದೇವಾಲಯಗಳು ರಿಫಾರ್ಮ್ಡ್ ಸಭೆಯ ಆರಾಧನಾಲಯಗಳೂ ಶಾಲೆಗಳೂ ಆದವು.

ಹೀಗೆ ಸುಮಾರು ಮೂವತ್ತು ವರ್ಷಗಳ ಕಾಲ ದ್ವೀಪದ ಕಥೋಲಿಕರು ಯಾಜಕರಿಲ್ಲದೆ ಬದುಕಿದರು. ತಾಯಿತಂದೆಯರು ಮಕ್ಕಳಿಗೆ ಜಪಗಳನ್ನು ಬಾಯಿಪಾಠವಾಗಿ ಕಲಿಸಿದರು. ಜನನವೂ ವಿವಾಹವೂ ಕಂಪನಿಯ ದಾಖಲೆಗೆ ಸೇರಬೇಕಾಗಿದ್ದುದರಿಂದ ಅನೇಕರು ಹೊರಗೆ ರಿಫಾರ್ಮ್ಡ್ ಸಭೆಯ ಕಟ್ಟಳೆಗೆ ತಲೆಬಾಗಿ, ಮನೆಯೊಳಗೆ ತಮ್ಮ ಹಿರಿಯರ ವಿಶ್ವಾಸವನ್ನು ಉಳಿಸಿಕೊಂಡರು. ಒಂದು ಪೀಳಿಗೆ ಪಾಪನಿವೇದನೆಯನ್ನೂ ಬಲಿಪೂಜೆಯನ್ನೂ ಕಾಣದೆ ಬೆಳೆಯಿತು. ಜೋಸೆಫ್ ವಾಜ್ ಅವರು ಬಂದು ಸೇರಿದ್ದು ಇಂಥ ಸಭೆಗೆ. ಆ ಸಭೆಯನ್ನು ಅವರು ಹುಟ್ಟಿಸಲಿಲ್ಲ. ಅದು ಅವರಿಗಿಂತ ಮುಂಚೆಯೇ ಅಲ್ಲಿತ್ತು. ಸಂದರ್ಶಕ ಪಾಲಕನ ದೈವಶಾಸ್ತ್ರಕ್ಕೆ ಈ ಸಂಗತಿಯೇ ತಳಹದಿ ಎಂದು ನಾವು ಭಾವಿಸುತ್ತೇವೆ.

ಕೆನರಾದ ಮೂರು ವರ್ಷಗಳು

ಜೋಸೆಫ್ ವಾಜ್ ಅವರು 1651ರ ಏಪ್ರಿಲ್ 21ರಂದು ಗೋವೆಯ ಸಾಷ್ಟಿ ಪ್ರಾಂತ್ಯದ ಬೆನಾವಲಿಂ ಗ್ರಾಮದಲ್ಲಿ ಕೊಂಕಣಿ ಮಾತನಾಡುವ ಕುಟುಂಬವೊಂದರಲ್ಲಿ ಜನಿಸಿದರು. 1676ರಲ್ಲಿ ಯಾಜಕದೀಕ್ಷೆ ಪಡೆದರು. ಆ ಕಾಲದ ಗೋವೆಯಲ್ಲಿ ಸ್ಥಳೀಯರು ಯಾಜಕರಾಗಬಹುದಾಗಿತ್ತು. ಆದರೆ ಐರೋಪ್ಯರ ಧಾರ್ಮಿಕ ಸಂಘಗಳ ಬಾಗಿಲು ಅವರಿಗೆ ಮುಚ್ಚಿತ್ತು. ಈ ಅವಮಾನವನ್ನು ನಾವು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಚರ್ಚೆಗೆ ಅದು ಬೇಕಾಗುತ್ತದೆ.

1681ರಲ್ಲಿ ಗೋವೆಯ ಮಹಾಧರ್ಮಪ್ರಾಂತ್ಯವು ಅವರನ್ನು ಕೆನರಾಕ್ಕೆ ವಿಗಾರ್ ಫೊರೇನ್ ಆಗಿ, ಎಂದರೆ ಪ್ರಾಂತ್ಯದ ಗುರುಗಳ ಮೇಲ್ವಿಚಾರಕರಾಗಿ, ಕಳುಹಿಸಿತು. ಅಂದಿನ ಕೆನರಾ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿತ್ತು. ಹೊನ್ನಾವರ, ಬಸರೂರು, ಮಂಗಳೂರಿನ ಕೋಟೆಗಳನ್ನು ಪೋರ್ಚುಗೀಸರು 1650ರ ದಶಕದಲ್ಲಿ ಕೆಳದಿಯ ನಾಯಕರಿಗೆ ಸೋತಿದ್ದರು. ಅದರ ಪರಿಣಾಮವಾಗಿ ಇಲ್ಲಿನ ಕ್ರೈಸ್ತರೂ ಗುರುಗಳ ಕೊರತೆಯಲ್ಲಿ, ಶಿಥಿಲವಾದ ದೇವಾಲಯಗಳ ನಡುವೆ ಬದುಕುತ್ತಿದ್ದರು. ವಾಜ್ ಅವರು ಮಂಗಳೂರು, ಬಸರೂರು, ಕಲ್ಯಾಣಪುರ ಮೊದಲಾದ ಕಡೆಗಳಲ್ಲಿ ಸಂಚರಿಸಿ ಸಭೆಗಳನ್ನು ಒಟ್ಟುಗೂಡಿಸಿದರು, ದೇವಾಲಯಗಳನ್ನು ದುರಸ್ತಿಗೊಳಿಸಿದರು, ಮಕ್ಕಳಿಗಾಗಿ ಶಾಲೆಗಳನ್ನು ತೆರೆದರು. ಬಂಟ್ವಾಳ ಸೀಮೆಯ ಮುಡಿಪು ಗುಡ್ಡದ ಮೇಲಿನ ಪುಣ್ಯಕ್ಷೇತ್ರವು ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಆದರೆ ಕೆನರಾದಲ್ಲಿ ಅವರಿಗೆ ಎದುರಾದ ದೊಡ್ಡ ಸಂಕಟ ಬಡತನವಲ್ಲ, ಅಧಿಕಾರದ ಜಗಳ. ಪೋರ್ಚುಗಲ್ಲಿನ ಅರಸನಿಗಿದ್ದ ಧರ್ಮಪೋಷಣೆಯ ಹಕ್ಕಿನ ಬಲದಿಂದ ಗೋವೆಯು ಕೆನರಾವನ್ನು ತನ್ನದೆಂದು ಹೇಳುತ್ತಿತ್ತು. ರೋಮಿನ ಧರ್ಮಪ್ರಚಾರ ಮಂಡಲಿಯು ಇದೇ ಪ್ರದೇಶಕ್ಕೆ ಗೋವೆಯವರೇ ಆದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರನ್ನು ನೇಮಿಸಿತ್ತು. ಯಾವ ಗುರುವಿನ ಕೈಯಿಂದ ಪಡೆದ ಸಂಸ್ಕಾರ ನ್ಯಾಯವಾದದ್ದು ಎಂದು ತಿಳಿಯದೆ ಜನ ತಲ್ಲಣಿಸಿದ್ದರು. ವಾಜ್ ಅವರು ತಮ್ಮನ್ನು ಕಳುಹಿಸಿದವರ ಪಕ್ಷವನ್ನು ಬಿಟ್ಟುಕೊಡಲಿಲ್ಲ. ಆದರೂ ಜನರ ಆತ್ಮಶಾಂತಿಗಾಗಿ ಎದುರು ಪಕ್ಷದ ಧರ್ಮಾಧ್ಯಕ್ಷರೊಡನೆ ಸಂಧಾನಕ್ಕೆ ಮುಂದಾದರು. ಎರಡು ಅಧಿಕಾರಪೀಠಗಳ ನಡುವಿನ ವ್ಯಾಜ್ಯದಲ್ಲಿ ಮೊದಲು ನಲುಗುವುದು ಚಿಕ್ಕ ಸಭೆ ಎಂಬುದನ್ನು ಅವರು ನಮ್ಮ ಕರಾವಳಿಯಲ್ಲೇ ಕಲಿತರು ಎನ್ನಬಹುದು. 1684ರಲ್ಲಿ ಅವರು ಗೋವೆಗೆ ಮರಳಿದರು.

ಕೂಲಿಯ ವೇಷದಲ್ಲಿ ಬಂದ ಪಾಲಕ

ಹಳೆ ಗೋವೆಯ ಪವಾಡ ಶಿಲುಬೆಯ ದೇವಾಲಯದಲ್ಲಿ ಕೆಲವು ಸ್ಥಳೀಯ ಯಾಜಕರು ಆಗ ಕೂಡಿ ಬಾಳತೊಡಗಿದ್ದರು. ವಾಜ್ ಅವರು ಆ ಗುಂಪನ್ನು ಸೇರಿದರು. ಅವರ ಮುಂದಾಳುತನದಲ್ಲಿ 1685ರಲ್ಲಿ ಅದು ಸಂತ ಫಿಲಿಪ್ ನೇರಿಯ ಒರೇಟರಿಯ ಮಾದರಿಯ ಸಂಘವಾಯಿತು. ಐರೋಪ್ಯ ಸಂಘಗಳು ಹೊರಗಿಟ್ಟ ಭಾರತೀಯ ಯಾಜಕರು ತಮಗಾಗಿ ಕಟ್ಟಿಕೊಂಡ ಸಂಘವಿದು. ಮುಂದೆ ಒಂದೂವರೆ ಶತಮಾನ ಸಿಂಹಳದ ಸಭೆಯನ್ನು ಪೋಷಿಸಿದ್ದು ಇದೇ ಸಂಘ. ಭಾರತೀಯರು ತಾವೇ ನಡೆಸಿದ ಸಾಗರೋತ್ತರ ಸುವಾರ್ತಾ ಸೇವೆಯ ಚರಿತ್ರೆಯನ್ನು ಬರೆಯುವವರು ಇದಕ್ಕೆ ಮೊದಲ ಪುಟಗಳಲ್ಲಿ ಸ್ಥಳ ಕೊಡಬೇಕು.

1686ರಲ್ಲಿ ವಾಜ್ ಅವರು ಗೋವೆಯನ್ನು ಬಿಟ್ಟು ಕೆನರಾ, ಕೇರಳಗಳ ಮೂಲಕ ದಕ್ಷಿಣಕ್ಕೆ ನಡೆದರು. ಅವರೊಡನೆ ಜಾನ್ ಎಂಬ ಸೇವಕನಿದ್ದನು. ತೂತುಕುಡಿಯಲ್ಲಿ ಯಾಜಕ ವಸ್ತ್ರವನ್ನು ತೆಗೆದಿಟ್ಟು ಕೂಲಿಯಾಳಿನ ತುಂಡುಬಟ್ಟೆ ಉಟ್ಟರು. 1687ರಲ್ಲಿ ಜಾಫ್ನಾ ತಲುಪುವಷ್ಟರಲ್ಲಿ ರಕ್ತಭೇದಿಯಿಂದ ಜರ್ಜರಿತರಾಗಿದ್ದರು. ನೆಲದ ಮೇಲೆ ಬಿದ್ದಿದ್ದ ಈ ಇಬ್ಬರು ಅಪರಿಚಿತರಿಗೆ ಬಡ ಹೆಂಗಸೊಬ್ಬಳು ಗಂಜಿ ತಂದುಕೊಟ್ಟು ಉಳಿಸಿದಳೆಂದು ಪರಂಪರೆಯ ಜೀವನಚರಿತ್ರೆಗಳು ಹೇಳುತ್ತವೆ. ಸಭೆಗೆ ಜೀವಜಲವನ್ನು ಕೊಡಲು ಬಂದವನು ಮೊದಲು ಆ ನಾಡಿನ ಕೈಯಿಂದ ಗಂಜಿಯನ್ನು ಪಡೆದನು.

ವಾಜ್ ಅವರ ಮೊದಲ ದೊಡ್ಡ ಜೀವನಚರಿತ್ರೆಯನ್ನು ಬರೆದವರು ಗೋವೆಯ ಒರೇಟರಿಗೇ ಸೇರಿದ ಸೆಬಾಸ್ತಿಯಾವ್ ದೊ ರೇಗೊ. ಅದು 1745ರಲ್ಲಿ ಲಿಸ್ಬನ್ನಿನಲ್ಲಿ ಪ್ರಕಟವಾಯಿತು. ಅದು ಭಕ್ತಿಯಿಂದ ಬರೆದ ಗ್ರಂಥ. ಅದ್ಭುತಗಳಿಗೆ ಅಲ್ಲಿ ಧಾರಾಳವಾದ ಸ್ಥಳವಿದೆ. ಇಪ್ಪತ್ತನೆಯ ಶತಮಾನದಲ್ಲಿ ಯೇಸುಸಂಘದ ಎಸ್. ಜಿ. ಪೆರೇರ ಮತ್ತು ಒಬ್ಲೇಟ್ ಸಂಘದ ರೊಬ್ರೆಖ್ಟ್ ಬೌಡೆನ್ಸ್ ಅವರು ಪತ್ರಗಳನ್ನೂ ದಾಖಲೆಗಳನ್ನೂ ಆಧರಿಸಿ ಈ ಕಾಲದ ಚರಿತ್ರೆಯನ್ನು ಶೋಧಿಸಿದರು. ಅದ್ಭುತಗಳನ್ನು ಬದಿಗಿಟ್ಟು ನೋಡಿದರೂ ವಾಜ್ ಅವರ ಕಾರ್ಯಕ್ರಮದ ರೂಪರೇಖೆ ಸ್ಪಷ್ಟವಾಗಿ ಕಾಣುತ್ತದೆ.

ಆ ಕಾರ್ಯಕ್ರಮದ ಮೊದಲ ಹೆಜ್ಜೆ ಹುಡುಕುವುದು. ಜಪಮಾಲೆಯನ್ನು ಕೊರಳಿಗೆ ಹಾಕಿಕೊಂಡು ಅವರು ಭಿಕ್ಷುಕನಂತೆ ಮನೆಮನೆಯ ಬಾಗಿಲಲ್ಲಿ ನಿಂತರು. ಜಪಮಾಲೆಯ ಮೇಲೆ ಯಾರ ಕಣ್ಣು ಪ್ರೀತಿಯಿಂದ ನಿಲ್ಲುತ್ತದೆಂದು ಗಮನಿಸಿದರು. ಯಾರ ಮುಂದೆಯೂ ಅಧಿಕಾರಪತ್ರವನ್ನು ಹಿಡಿಯಲಿಲ್ಲ. ಸಭೆಯೇ ಅವರನ್ನು ಪರೀಕ್ಷಿಸಿ ಗುರುತಿಸಿತು. ಬಳಿಕ ಜಾಫ್ನಾದ ಸಮೀಪದ ಸಿಲ್ಲಾಲೈ ಎಂಬ ಕಥೋಲಿಕ ಗ್ರಾಮವು ಅವರಿಗೆ ಆಶ್ರಯವಿತ್ತಿತು. ಅಲ್ಲಿಂದ ರಾತ್ರಿಯ ಹೊತ್ತಿನಲ್ಲಿ ಊರೂರಿಗೆ ಹೋಗಿ, ಪಾಪನಿವೇದನೆ ಕೇಳಿ, ಬೆಳಕು ಹರಿಯುವ ಮುನ್ನ ಬಲಿಪೂಜೆ ಅರ್ಪಿಸಿ ಮರೆಯಾಗುತ್ತಿದ್ದರು.

ಇದರ ಬೆಲೆಯನ್ನು ತೆತ್ತವರು ಮುಖ್ಯವಾಗಿ ಜನರೇ. 1689ರ ಕ್ರಿಸ್ಮಸ್ ರಾತ್ರಿ ಜಾಫ್ನಾದಲ್ಲಿ ಆರಾಧನೆಗೆ ಕೂಡಿದ್ದವರ ಮೇಲೆ ಡಚ್ ಸಿಪಾಯಿಗಳು ಎರಗಿದರು. ವಾಜ್ ಅವರು ಸಿಕ್ಕಲಿಲ್ಲ. ಸೆರೆಯಾದ ವಿಶ್ವಾಸಿಗಳಲ್ಲಿ ಕೆಲವರು ಚಿತ್ರಹಿಂಸೆಯನ್ನೂ ಕಠಿಣ ಶಿಕ್ಷೆಯನ್ನೂ ಅನುಭವಿಸಿದರು. ಸಂದರ್ಶಕ ಪಾಲಕನು ಮುಂದಿನ ಊರಿಗೆ ಹೋಗಬಲ್ಲನು. ಸಭೆಯು ಅಲ್ಲಿಯೇ ಉಳಿದು, ಅವನು ಬಂದದ್ದರ ಫಲವನ್ನೂ ಕಷ್ಟವನ್ನೂ ಉಣ್ಣಬೇಕಾಗುತ್ತದೆ. ಮಿಷನರಿ ಚರಿತ್ರೆಗಳು ಮಿಷನರಿಯ ಸಾಹಸವನ್ನು ಹಾಡುವಾಗ ಈ ವಿಶ್ವಾಸಿಗಳನ್ನು ಮರೆತುಬಿಡುವುದು ಅನ್ಯಾಯ.

ಬೌದ್ಧ ಅರಸನ ಆಶ್ರಯದಲ್ಲಿ

ಈ ದಾಳಿಯ ನಂತರ ವಾಜ್ ಅವರು ಡಚ್ ಸೀಮೆಯನ್ನು ಬಿಟ್ಟು, ಕ್ಯಾಂಡಿ ಅರಸನ ಆಳ್ವಿಕೆಗೆ ಸೇರಿದ್ದ ಪುತ್ತಳಂಗೆ ಹೋದರು. 1692ರಲ್ಲಿ ಕ್ಯಾಂಡಿ ನಗರಕ್ಕೆ ಬಂದಾಗ, ಆಸ್ಥಾನದಲ್ಲಿದ್ದ ಲಾನೆರೋಲ್ ಎಂಬ ಫ್ರೆಂಚ್ ಕ್ಯಾಲ್ವಿನ್‌ಪಂಥಿಯು ಅವರನ್ನು ಪೋರ್ಚುಗೀಸರ ಗೂಢಚಾರನೆಂದು ದೂರಿದನು. ಅರಸ ಎರಡನೆಯ ವಿಮಲಧರ್ಮಸೂರ್ಯನು ಅವರನ್ನು ಸೆರೆಯಲ್ಲಿರಿಸಿದನು. ಅಲ್ಲಿ ಅವರು ಸಿಂಹಳ ಭಾಷೆಯನ್ನು ಕಲಿತರು. ಕ್ರಮೇಣ ಕಾವಲು ಸಡಿಲವಾಯಿತು. ಹುಲ್ಲಿನ ಗುಡಿಸಲೇ ದೇವಾಲಯವಾಯಿತು. ಬರಗಾಲದಲ್ಲಿ ಅವರ ಪ್ರಾರ್ಥನೆಯಿಂದ ಮಳೆ ಬಂದು ಅರಸನ ಮನಸ್ಸು ತಿರುಗಿತೆಂದು ಪರಂಪರೆ ಹೇಳುತ್ತದೆ. ಅದನ್ನು ಹೇಗೆ ತಿಳಿದುಕೊಂಡರೂ ಅರಸನು ಅವರಿಗೆ ಸಂಚಾರದ ಮತ್ತು ಬೋಧನೆಯ ಸ್ವಾತಂತ್ರ್ಯ ಕೊಟ್ಟದ್ದು ಚಾರಿತ್ರಿಕ ಸಂಗತಿ.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಕ್ರೈಸ್ತ ಆಡಳಿತವೊಂದು ಬೇಟೆಯಾಡಿದ ಕ್ರೈಸ್ತ ಯಾಜಕನಿಗೆ ಬೌದ್ಧ ಅರಸನು ನೆರಳು ಕೊಟ್ಟನು. ಆ ನೆರಳಿಲ್ಲದಿದ್ದರೆ ಸಿಂಹಳದ ಕಥೋಲಿಕ ಸಭೆಯ ಪುನರುಜ್ಜೀವನ ಅಸಾಧ್ಯವಾಗಿತ್ತು. ಅನ್ಯಧರ್ಮೀಯರ ಔದಾರ್ಯವು ನಮ್ಮ ಸಭಾಚರಿತ್ರೆಯ ಅಡಿಟಿಪ್ಪಣಿಗಳಲ್ಲಿ ಅಡಗಿಹೋಗಬಾರದು.

1696ರಿಂದ ಗೋವೆಯ ಒರೇಟರಿಯ ಜೊತೆಗಾರರು ಒಬ್ಬೊಬ್ಬರಾಗಿ ಬಂದು ಸೇರಿದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿದಾಗ ಅರಸನೂ ಸಿರಿವಂತರೂ ಊರು ಬಿಟ್ಟರು. ರೋಗಿಗಳನ್ನು ಕಾಡಿನಂಚಿನಲ್ಲಿ ಬಿಡಲಾಯಿತು. ವಾಜ್ ಮತ್ತು ಅವರ ಜೊತೆಗಾರ ಜೋಸೆಫ್ ಕರ್ವಾಲ್ಯೊ ಅವರು ರೋಗಿಗಳಿಗೆ ಗುಡಿಸಲು ಕಟ್ಟಿ, ಅನ್ನ ಔಷಧ ಕೊಟ್ಟು, ಸತ್ತವರನ್ನು ಹೂಳಿದರು. ಅಲ್ಲಿ ಮತದ ಭೇದವೆಣಿಸಲಿಲ್ಲ. ಸಭೆ ಚಿಕ್ಕದಾಗಿದ್ದರೂ ಅದರ ಪಾಲಕನು ಇಡೀ ಊರಿಗೆ ಪಾಲಕನಾಗಬಲ್ಲನೆಂಬುದಕ್ಕೆ ಇದು ಸಾಕ್ಷಿ.

ಸಂದರ್ಶನದ ನಡುವಿನ ದಿನಗಳು

ದ್ವೀಪವು ವಿಶಾಲ, ಯಾಜಕರು ಬೆರಳೆಣಿಕೆಯಷ್ಟು. ಅನೇಕ ಊರುಗಳಿಗೆ ವರ್ಷದಲ್ಲಿ ಕೆಲವೇ ಸಲ ಬರುವುದು ಸಾಧ್ಯವಿತ್ತು. ಹಾಗಾದರೆ ಉಳಿದ ದಿನಗಳ ಗತಿಯೇನು? ವಾಜ್ ಅವರ ನಿಜವಾದ ಸಾಧನೆಯನ್ನು ನಾವು ಕಾಣುವುದು ಈ ಪ್ರಶ್ನೆಗೆ ಅವರು ಕೊಟ್ಟ ಉತ್ತರದಲ್ಲಿ.

ಪ್ರತಿ ಸಭೆಯಲ್ಲಿಯೂ ಮೂಪ್ಪು ಎಂಬ ಹಿರಿಯನೂ ಅಣ್ಣಾವಿ ಎಂಬ ಉಪದೇಶಿಯೂ ಹೊಣೆ ಹೊತ್ತರು. ಮೂಪ್ಪನು ದೇವಾಲಯದ ಸೊತ್ತನ್ನೂ ಸಭೆಯ ಶಿಸ್ತನ್ನೂ ನೋಡಿಕೊಂಡನು. ಅಣ್ಣಾವಿಯು ಭಾನುವಾರಗಳಂದು ಜನರನ್ನು ಕೂಡಿಸಿ ಜಪಗಳನ್ನು ನಡೆಸಿದನು; ಮಕ್ಕಳಿಗೆ ಧರ್ಮೋಪದೇಶ ಕಲಿಸಿದನು; ಸಾಯುವ ಸ್ಥಿತಿಯಲ್ಲಿದ್ದ ಶಿಶುವಿಗೆ ದೀಕ್ಷಾಸ್ನಾನ ಕೊಟ್ಟನು; ಮರಣಶಯ್ಯೆಯ ಬಳಿ ಪ್ರಾರ್ಥಿಸಿದನು. ಯಾಜಕನು ಬರುವ ಸುದ್ದಿ ತಿಳಿದಾಗ ಜನರನ್ನು ಸಿದ್ಧಗೊಳಿಸುವುದೂ ಅವನನ್ನು ಗುಪ್ತವಾಗಿ ಮುಂದಿನ ಊರಿಗೆ ದಾಟಿಸುವುದೂ ಇಂಥವರ ಕೈಯಲ್ಲಿತ್ತು. ಯಾಜಕನ ಭೇಟಿಯೆಂದರೆ ಸಭೆಯ ಜೀವನಕ್ಕೆ ಕಿರೀಟವಿಟ್ಟಂತೆ. ಆದರೆ ಕಿರೀಟವನ್ನು ಹೊರುವ ತಲೆಯೂ ದೇಹವೂ ಅಲ್ಲಿ ಮೊದಲೇ ಇದ್ದವು.

1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಅವರು ಈ ವ್ಯವಸ್ಥೆಗೆ ಭಾಷೆಯ ಬಲವನ್ನು ಕೊಟ್ಟರು. ಗೋವೆಯ ದಿವಾಡಿ ದ್ವೀಪದವರಾದ ಇವರು ಸಿಂಹಳವನ್ನೂ ತಮಿಳನ್ನೂ ಪಂಡಿತರಂತೆ ಕಲಿತು, ‘ದೇವ ವೇದ ಪುರಾಣಯ’ದಂಥ ಗ್ರಂಥಗಳನ್ನೂ, ಕ್ರಿಸ್ತನ ಯಾತನೆಯ ಮೇಲಣ ಪ್ರಸಂಗಗಳನ್ನೂ, ಹಾಡುಗಳನ್ನೂ ರಚಿಸಿದರು. ಒರೇಟರಿಯವರಿಗೆ ಮುದ್ರಣಾಲಯವಿರಲಿಲ್ಲ, ಗ್ರಂಥಗಳು ಕೈಬರಹದಲ್ಲಿ ಊರಿಂದೂರಿಗೆ ಹೋದವು. ಯಾಜಕನಿಲ್ಲದ ಶುಭ ಶುಕ್ರವಾರದಂದೂ ಅಣ್ಣಾವಿಯು ಓದಲು ಒಂದು ಪ್ರಸಂಗವಿತ್ತು, ಜನ ಹಾಡಲು ಒಂದು ಶೋಕಗೀತವಿತ್ತು.

ವಾಜ್ ಅವರು 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ನಿಧನರಾದರು. ಸಿಂಹಳಕ್ಕೆ ಬಂದ ಮೇಲೆ ಅವರು ಗೋವೆಯನ್ನು ಮತ್ತೆ ಕಾಣಲಿಲ್ಲ. 1740ರ ದಶಕದಲ್ಲಿ ಕ್ಯಾಂಡಿಯ ಆಸ್ಥಾನದ ಮನಸ್ಸು ಬದಲಾಗಿ ಯಾಜಕರು ಅಲ್ಲಿಂದಲೂ ಹೊರಹಾಕಲ್ಪಟ್ಟರು. ತೀರದಲ್ಲಿ ಡಚ್ಚರ ಕಟ್ಟಳೆಗಳು ಉಳಿದೇ ಇದ್ದವು. ಆದರೂ ಸಭೆಗಳು ಕರಗಲಿಲ್ಲ. 1806ರಲ್ಲಿ ಬ್ರಿಟಿಷ್ ಗವರ್ನರ್ ಥಾಮಸ್ ಮೈಟ್ಲೆಂಡ್ ಕಥೋಲಿಕರ ಮೇಲಿನ ನಿರ್ಬಂಧಗಳನ್ನು ತೆಗೆದುಹಾಕಿದಾಗ, ದ್ವೀಪದಲ್ಲಿ ಜೀವಂತವಾದ ದೊಡ್ಡ ಸಮುದಾಯವೊಂದು ಬೆಳಕಿಗೆ ಬಂದಿತು.

ಇನ್ನೊಂದು ಸಭೆಯ ಕಥೆ

ಪ್ರೊಟೆಸ್ಟಂಟ್ ಪರಂಪರೆಯವರು ಎದುರಿಸಬೇಕಾದ ಪ್ರಶ್ನೆ ಇಲ್ಲಿ ಏಳುತ್ತದೆ. ಡಚ್ ರಿಫಾರ್ಮ್ಡ್ ಸಭೆಯೂ ಇದೇ ದ್ವೀಪದಲ್ಲಿ, ಇದೇ ಕಾಲದಲ್ಲಿ, ಬಹುಮಟ್ಟಿಗೆ ಸಂದರ್ಶಕ ಬೋಧಕರಿಂದಲೇ ನಡೆಯಿತು. ಅದರ ಬೋಧಕರಲ್ಲಿ ಯೋಗ್ಯರಿದ್ದರು. 1658ರಿಂದ ಜಾಫ್ನಾದಲ್ಲಿ ಸೇವೆ ಸಲ್ಲಿಸಿದ ಫಿಲಿಪ್ಪಸ್ ಬಾಲ್ಡಿಯಸ್ ಅವರು ತಮಿಳು ಸಭೆಗಳ ನಡುವೆ ದುಡಿದರು. ಆ ನಾಡನ್ನು ಕುರಿತು 1672ರಲ್ಲಿ ಅವರು ಪ್ರಕಟಿಸಿದ ಗ್ರಂಥ ಇಂದಿಗೂ ಚರಿತ್ರಕಾರರಿಗೆ ಆಕರ. ಜಾಫ್ನಾದ ನಲ್ಲೂರಿನಲ್ಲಿಯೂ ಕೊಲಂಬೊದಲ್ಲಿಯೂ 1690ರ ದಶಕದಲ್ಲಿ ಡಚ್ಚರು ಸೆಮಿನರಿಗಳನ್ನು ತೆರೆದರು. 1739ರಲ್ಲಿ ಸುವಾರ್ತೆಗಳು ಸಿಂಹಳ ಭಾಷೆಯಲ್ಲಿ ಅವರ ಮುದ್ರಣಾಲಯದಿಂದ ಹೊರಬಂದವು. ವೇದವನ್ನು ಜನರ ಭಾಷೆಯಲ್ಲಿ ಅಚ್ಚುಹಾಕಿಕೊಟ್ಟ ಈ ಪುಣ್ಯಕಾರ್ಯವನ್ನು ಯಾರೂ ಕಿರಿದಾಗಿಸಬಾರದು.

ಆದರೆ ಬೋಧಕರು ಕೆಲವರೇ, ಸಭೆಗಳು ಬಹಳ. ಊರೂರಿನ ಶಾಲೆಯೇ ಸಭೆಯಾಗಿತ್ತು. ಶಾಲಾಮಾಸ್ತರನು ಭಾನುವಾರ ಸಿದ್ಧವಾದ ಪ್ರಸಂಗವನ್ನು ಓದುತ್ತಿದ್ದನು. ಬೋಧಕನು ಸರದಿಯಲ್ಲಿ ಬಂದಾಗ ದೀಕ್ಷಾಸ್ನಾನವನ್ನೂ ವಿವಾಹವನ್ನೂ ನಡೆಸಿ ತೊಂಬೊ ಎಂಬ ದಾಖಲೆ ಪುಸ್ತಕದಲ್ಲಿ ಬರೆಸುತ್ತಿದ್ದನು. ಆ ಪುಸ್ತಕದಲ್ಲಿ ಹೆಸರಿಲ್ಲದವನಿಗೆ ಆಸ್ತಿಯ ಹಕ್ಕಿಗೂ ಸರಕಾರಿ ಹುದ್ದೆಗೂ ತೊಡಕು. ಹೀಗಾಗಿ ಹಿಂದೂಗಳೂ ಬೌದ್ಧರೂ ಕಥೋಲಿಕರೂ ಹೆಸರಿಗೆ ರಿಫಾರ್ಮ್ಡ್ ಕ್ರೈಸ್ತರಾದರು. ಶಾಲಾಮಾಸ್ತರನು ಕಂಪನಿಯ ನೌಕರ. ಅಣ್ಣಾವಿಯು ಸಭೆಯ ಮನುಷ್ಯ. ಹೊರನೋಟಕ್ಕೆ ಇಬ್ಬರ ಕೆಲಸವೂ ಒಂದೇ. ಆದರೆ 1796ರಲ್ಲಿ ಕಂಪನಿಯ ಆಳ್ವಿಕೆ ಕುಸಿದು, ಹೆಸರು ಬರೆಸುವ ಲಾಭವೂ ಹೋದಾಗ, ಆ ಲಕ್ಷಣವಾದ ವ್ಯವಸ್ಥೆಯಲ್ಲಿ ಬೆಳೆದ ಸ್ಥಳೀಯ ಸಭೆಗಳು ಕೆಲವೇ ದಶಕಗಳಲ್ಲಿ ಬಹುಮಟ್ಟಿಗೆ ಬರಿದಾದವು.

ಇದರಿಂದ ಕಥೋಲಿಕ ಬೋಧನೆ ಗೆದ್ದಿತು, ಪ್ರೊಟೆಸ್ಟಂಟ್ ಬೋಧನೆ ಸೋತಿತು ಎಂದು ತೀರ್ಮಾನಿಸುವುದು ಚರಿತ್ರೆಯನ್ನು ತಪ್ಪಾಗಿ ಓದಿದಂತೆ. ಪೋರ್ಚುಗೀಸರ ಆಳ್ವಿಕೆಯಲ್ಲಿ ಕಥೋಲಿಕ ಸಭೆಯೂ ಇದೇ ಆಸರೆಯಲ್ಲಿ ಬೆಳೆದಿತ್ತು. ಆಸರೆ ಕಳಚಿದ ಮೇಲೆಯೇ ಅದು ಶುದ್ಧಿಹೊಂದಿತು. ರಿಫಾರ್ಮ್ಡ್ ಸಭೆಗೆ ಬೈಬಲಿತ್ತು, ಸೆಮಿನರಿಯಿತ್ತು, ಮುದ್ರಣಾಲಯವಿತ್ತು. ಪಾಲಕನನ್ನು ತನ್ನವನೆಂದು ಅಪ್ಪಿಕೊಂಡು, ಅವನಿಗಾಗಿ ಕಷ್ಟಪಡಲು ಸಿದ್ಧವಾದ ಸಭೆ ಮಾತ್ರ ಹೆಚ್ಚಿನ ಕಡೆಗಳಲ್ಲಿ ಇರಲಿಲ್ಲ.

ಮಾಡದೆ ಉಳಿದ ಕೆಲಸ

ಕಥೋಲಿಕ ಪರಂಪರೆಯ ಮುಂದಿರುವ ಪ್ರಶ್ನೆಯೂ ಅಷ್ಟೇ ಗಂಭೀರ. ವಾಜ್ ಅವರಿಂದ ಮೊದಲುಗೊಂಡು ಒಂದೂವರೆ ಶತಮಾನ ಗೋವೆಯ ಯಾಜಕರು ಸಿಂಹಳಕ್ಕೆ ಬರುತ್ತಲೇ ಇದ್ದರು. ಇಷ್ಟು ದೀರ್ಘಕಾಲದಲ್ಲಿ ಸಿಂಹಳದ ಮಕ್ಕಳಿಂದಲೇ ಕೂಡಿದ ಯಾಜಕವರ್ಗ ರೂಪುಗೊಳ್ಳಲಿಲ್ಲ. ಅಣ್ಣಾವಿಗಳನ್ನು ಬೆಳೆಸಿದ ಸೇವೆಯು ಅವರಲ್ಲಿ ಯೋಗ್ಯರಾದವರನ್ನು ಬಲಿಪೀಠದವರೆಗೆ ಕರೆತರಲಿಲ್ಲ.

ಇದಕ್ಕೆ ಪರಿಸ್ಥಿತಿಯ ಕಾರಣಗಳಿದ್ದವು. ದ್ವೀಪದಲ್ಲಿ ಧರ್ಮಾಧ್ಯಕ್ಷರಿರಲಿಲ್ಲ. ಸಿಂಹಳವು ಸೇರಿದ್ದ ಧರ್ಮಪ್ರಾಂತ್ಯದ ಪೀಠವಾದ ಕೊಚ್ಚಿಯೇ 1663ರಲ್ಲಿ ಡಚ್ಚರ ವಶವಾಗಿತ್ತು. ಗುಪ್ತವಾಗಿ ನಡೆಯುವ ಸಭೆ ಸೆಮಿನರಿಯನ್ನು ತೆರೆಯುವುದು ಸುಲಭವಲ್ಲ. ಪಾಪಾಸ್ವಾಮಿಯವರ ಪ್ರತಿನಿಧಿ ತೂರ್ನೋನ್ ಅವರು ಭಾರತಕ್ಕೆ ಬಂದ ಸಮಯದಲ್ಲಿ ವಾಜ್ ಅವರನ್ನೇ ಧರ್ಮಾಧ್ಯಕ್ಷ ಪದವಿಗೆ ಏರಿಸುವ ಆಲೋಚನೆ ನಡೆಯಿತೆಂದೂ, ಅವರು ಅದನ್ನು ವಿನಯದಿಂದ ನಿರಾಕರಿಸಿದರೆಂದೂ ಅವರ ಚರಿತ್ರಕಾರರು ಬರೆಯುತ್ತಾರೆ. ಪವಿತ್ರತೆಯ ಲಕ್ಷಣವೆಂದು ನಾವು ಮೆಚ್ಚುವ ಈ ವಿನಯಕ್ಕೆ ಇನ್ನೊಂದು ಮುಖವಿದೆ. ಧರ್ಮಾಧ್ಯಕ್ಷರಿಲ್ಲದ ದ್ವೀಪದಲ್ಲಿ ಯಾಜಕದೀಕ್ಷೆ ಕೊಡುವವರೇ ಇರಲಿಲ್ಲ. ತನಗಾಗಿ ಪದವಿ ಬೇಡವೆನ್ನುವುದು ಒಳ್ಳೆಯದು. ಸಭೆಗೆ ಬೇಕಾದ ಪದವಿಯನ್ನು ತನ್ನ ವಿನಯಕ್ಕಾಗಿ ಬೇಡವೆನ್ನಬಹುದೇ? ಈ ಪ್ರಶ್ನೆಗೆ ಸುಲಭವಾದ ಉತ್ತರವಿದೆಯೆಂದು ನಾವು ಹೇಳುವುದಿಲ್ಲ.

ವಾಜ್ ಅವರಿಗೆ ಆಶ್ರಯವಿತ್ತ ವಿಮಲಧರ್ಮಸೂರ್ಯನ ಉದಾಹರಣೆ ಇಲ್ಲಿ ಗಮನಾರ್ಹ. ತನ್ನ ನಾಡಿನ ಬೌದ್ಧಸಂಘದಲ್ಲಿ ಉಪಸಂಪದಾ ದೀಕ್ಷೆಯ ಪರಂಪರೆ ಕಡಿದುಹೋಗಿರುವುದನ್ನು ಕಂಡು, ಆ ಅರಸನು ಅರಕಾನಿನಿಂದ ಭಿಕ್ಷುಗಳನ್ನು ಕರೆಸಿ, ಸಿಂಹಳದವರಿಗೇ ದೀಕ್ಷೆ ಕೊಡಿಸಿದನು. ಹೊರಗಿನಿಂದ ಬಂದ ಭಿಕ್ಷುಗಳು ದೀಕ್ಷೆಯ ಪರಂಪರೆಯನ್ನು ಒಪ್ಪಿಸಿಕೊಡಲೆಂದೇ ಬಂದವರು. ಗೋವೆಯಿಂದ ಬಂದ ಯಾಜಕರ ಸರದಿಗೆ ಮಾತ್ರ ಕೊನೆಯಿರಲಿಲ್ಲ. ಐರೋಪ್ಯ ಸಂಘಗಳ ಬಾಗಿಲಲ್ಲಿ ತಡೆಯಲ್ಪಟ್ಟವರೇ ಕಟ್ಟಿದ ಸಂಘವು, ತಾನು ಸೇವಿಸಿದ ಜನರಿಗಾಗಿ ಯಾಜಕತ್ವದ ಬಾಗಿಲನ್ನು ತೆರೆಯಲಾರದೆ ಹೋಯಿತು. 1834ರಲ್ಲಿ ಪೋರ್ಚುಗಲ್ ಸರಕಾರ ಧಾರ್ಮಿಕ ಸಂಘಗಳನ್ನು ರದ್ದುಪಡಿಸಿದ್ದರಿಂದ ಗೋವೆಯ ಒರೇಟರಿ ಮುಚ್ಚಿತು. ಸಿಂಹಳಕ್ಕೆ ಹೊಸ ಯಾಜಕರನ್ನು ಕಳುಹಿಸುತ್ತಿದ್ದ ಒರತೆ ಬತ್ತಿತು. ಆ ಸ್ಥಾನವನ್ನು ತುಂಬಲು ಸ್ಥಳೀಯ ಯಾಜಕರಿರಲಿಲ್ಲ. ಯೂರೋಪಿನ ಮಿಷನರಿಗಳು ಬಂದರು.

ಅಳತೆಗೋಲು

1995ರ ಜನವರಿ 21ರಂದು ಕೊಲಂಬೊದಲ್ಲಿ ಜೋಸೆಫ್ ವಾಜ್ ಅವರನ್ನು ಪುನೀತರೆಂದೂ, 2015ರ ಜನವರಿ 14ರಂದು ಅದೇ ನಗರದಲ್ಲಿ ಸಂತರೆಂದೂ ಕಥೋಲಿಕ ಧರ್ಮಸಭೆ ಘೋಷಿಸಿತು. ಆ ಗೌರವವನ್ನು ಎಲ್ಲ ಪಂಥಗಳವರೂ ತಮ್ಮ ತಮ್ಮ ದೃಷ್ಟಿಯಿಂದ ನೋಡಲಿ. ನಾವು ಇಲ್ಲಿ ಎತ್ತಿಹಿಡಿಯಬಯಸುವುದು ಅವರ ಸೇವೆಯಿಂದ ದೊರೆಯುವ ಅಳತೆಗೋಲನ್ನು. ಸಂದರ್ಶಕ ಪಾಲಕನ ಸೇವೆಯನ್ನು ಅವನು ಇದ್ದ ದಿನಗಳ ಸಂಭ್ರಮದಿಂದ ಅಳೆಯಲಾಗದು. ಅವನು ಹೊರಟುಹೋದ ಮರುದಿನದ ಭಾನುವಾರದಿಂದ ಅಳೆಯಬೇಕು. ಆ ಭಾನುವಾರ ಜನ ಕೂಡುತ್ತಾರೆಯೇ? ಮಕ್ಕಳಿಗೆ ಕಲಿಸುವವರಿದ್ದಾರೆಯೇ? ತಮ್ಮ ಭಾಷೆಯಲ್ಲಿ ಓದಲು, ಹಾಡಲು, ಪ್ರಾರ್ಥಿಸಲು ಅವರಿಗೆ ಏನಾದರೂ ಉಳಿದಿದೆಯೇ? ರೋಗಿಯ ಬಳಿ ಯಾರು ಕುಳಿತುಕೊಳ್ಳುತ್ತಾರೆ? ಇವುಗಳ ಜೊತೆಗೆ, ವಾಜ್ ಅವರ ಸೇವೆಯೂ ಉತ್ತರಿಸದೆ ಬಿಟ್ಟ ಇನ್ನೊಂದು ಪ್ರಶ್ನೆಯನ್ನು ನಾವು ಸೇರಿಸಬೇಕು. ಈ ಸಭೆಯೊಳಗಿಂದಲೇ ಇದರ ಮುಂದಿನ ಪಾಲಕನು ಎದ್ದುಬರಲು ನಾವು ದಾರಿ ಮಾಡಿದ್ದೇವೆಯೇ?

ದೂರದ ಚಿಕ್ಕ ಸಭೆಯೊಂದಕ್ಕೆ ಕಳುಹಿಸಲ್ಪಡುವ ಗುರುವಿದ್ಯಾರ್ಥಿಯು ತನ್ನ ಪ್ರಸಂಗಗಳನ್ನು ಸಿದ್ಧಪಡಿಸಿಕೊಳ್ಳಲಿ, ಅದು ಕರ್ತವ್ಯವೇ. ಅದರ ಜೊತೆಗೆ ಆ ಸಭೆಯಲ್ಲಿ ಈಗಾಗಲೇ ಪ್ರಾರ್ಥನೆ ನಡೆಸುತ್ತಿರುವವರು ಯಾರೆಂದು ಮೊದಲು ಕೇಳಿ ತಿಳಿಯಲಿ. ಅವರ ಹೆಸರುಗಳನ್ನು ಕಲಿಯಲಿ. ಅವರ ಕೈಯಿಂದ ಗಂಜಿಯನ್ನು ಸ್ವೀಕರಿಸಲಿ. ಅವನು ಹೋಗುವುದಕ್ಕೆ ಮುಂಚೆಯೇ ಕರ್ತನು ಅಲ್ಲಿಗೆ ಹೋಗಿದ್ದಾನೆ. ಅವನು ಹೊರಟ ಮೇಲೂ ಅಲ್ಲಿಯೇ ಉಳಿಯುವವನು ಕರ್ತನೇ.